ಹಳೆ ಸಿಗರೇಟು ಕಾರ್ಡು ಸಿಕ್ಕಿದೆಯೇ? ಮೊದಲು ಅಳೆಯಿರಿ, ಆಮೇಲೆ ಬೆಲೆ ಕೇಳಿ

ಭಾನುವಾರ ಹೈದರಾಬಾದಿನ ಅಬಿಡ್ಸ್‌ನಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ಅವುಗಳ ಮುಂದಿನ ಫುಟ್‌ಪಾತು ತೆರೆದಿರುತ್ತದೆ. ಹಳೆ ಪಠ್ಯಪುಸ್ತಕ, ಸಿನಿಮಾ ಪತ್ರಿಕೆ, ಎಂಜಿನಿಯರಿಂಗ್ ಗೈಡುಗಳ ರಾಶಿಯ ಮಧ್ಯೆ ಒಮ್ಮೊಮ್ಮೆ ಪ್ಲಾಸ್ಟಿಕ್ ಚೀಲದೊಳಗೆ ಬೆರಳುದ್ದದ ಬಣ್ಣದ ಕಾರ್ಡುಗಳು ಕಾಣುತ್ತವೆ. ಬ್ಯಾಟು ಹಿಡಿದ ದೊರೆ, ಪೇಟ ಸುತ್ತಿದ ಸಿಪಾಯಿ, ಹಕ್ಕಿ, ಹಡಗು, ಕೆಲವೊಮ್ಮೆ ನಮ್ಮ ದೇವರುಗಳು. "ಅಂಗ್ರೇಜೋಂ ಕೆ ಜಮಾನೆ ಕಾ ಹೈ ಸಾಬ್" ಎಂದು ಮಾರುವವ ಹೇಳುತ್ತಾನೆ. ನಿಜವಿರಬಹುದು, ಇಲ್ಲದಿರಬಹುದು. ಕಲಬುರಗಿ, ಬೀದರ್, ರಾಯಚೂರು ಕಡೆಯಿಂದ ಬಂದು ಈ ಊರಲ್ಲಿ ನೆಲೆಸಿದ ಕನ್ನಡ ಮನೆಗಳಲ್ಲೂ ಅಜ್ಜನ ಟ್ರಂಕಿನ ತಳದಿಂದ ಇಂಥ ಕಾರ್ಡು ಹೊರಬೀಳುವುದುಂಟು. ಅಮೆರಿಕದಲ್ಲಿರುವ ಮಗನೋ ಅಳಿಯನೋ ಬೇಸ್‌ಬಾಲ್ ಕಾರ್ಡೊಂದಕ್ಕೆ ಕೋಟಿಗಟ್ಟಲೆ ಬೆಲೆ ಬಂತು ಎಂಬ ಸುದ್ದಿ ಕಳಿಸಿರುತ್ತಾನೆ. ಮನೆಯಲ್ಲಿ ಗುಸುಗುಸು ಶುರುವಾಗುತ್ತದೆ: ಇದೂ ಅಂಥದ್ದೇ ಇರಬಹುದೇ?

ಬಹುತೇಕ ಅಲ್ಲ. ಆದರೂ ಕೈಯಲ್ಲಿರುವುದು ಏನು, ಯಾವ ಕಾಲದ್ದು, ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಮನೆಯಲ್ಲೇ ಕೂತು ಮುಕ್ಕಾಲು ಪಾಲು ತಿಳಿಯಬಹುದು. ಅದಕ್ಕೆ ಒಂದು ಸ್ಕೇಲು, ಒಂದು ಭೂತಗನ್ನಡಿ, ಒಂದು ಟಾರ್ಚು ಮತ್ತು ತುಸು ತಾಳ್ಮೆ ಸಾಕು.

ಇವು ಬಂದದ್ದು ಎಲ್ಲಿಂದ

ಕಾಗದದ ಮೆತ್ತನೆ ಪೊಟ್ಟಣದಲ್ಲಿ ಸಿಗರೇಟು ನಜ್ಜುಗುಜ್ಜಾಗದಿರಲೆಂದು ಒಳಗೊಂದು ದಪ್ಪ ರಟ್ಟು ಇಡುತ್ತಿದ್ದರು. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಕಂಪನಿಗಳು ಆ ರಟ್ಟಿನ ಮೇಲೆ ಚಿತ್ರ ಅಚ್ಚು ಹಾಕಿದವು. ಸರಣಿ ಪೂರ್ತಿ ಮಾಡಬೇಕೆಂಬ ಹಠ ಜನರಿಗೆ ಹತ್ತಿತು, ಸಿಗರೇಟು ಮಾರಾಟವೂ ಏರಿತು. ತಂಬಾಕು ಕಂಪನಿಗಳು ಹುಡುಗರನ್ನು ಬಲೆಗೆ ಕೆಡವಿದ ಈ ಉಪಾಯವನ್ನು ಹೊಗಳಬೇಕಾಗಿಲ್ಲ. ಅಚ್ಚಿನ ಕೆಲಸ ಮಾತ್ರ ಸೊಗಸಾಗಿತ್ತು.

ಅಮೆರಿಕನ್ ಟೊಬ್ಯಾಕೊ ಕಂಪನಿ 1909ರಿಂದ 1911ರವರೆಗೆ ಹೊರಡಿಸಿದ ಬೇಸ್‌ಬಾಲ್ ಸರಣಿಯನ್ನು ಸಂಗ್ರಾಹಕರು ಟಿ206 ಎನ್ನುತ್ತಾರೆ. ಅದರಲ್ಲಿರುವ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಕಾರ್ಡೇ ಸುದ್ದಿಯ ಕೋಟಿ ಬೆಲೆಯದು. ಬ್ರಿಟನ್ನಿನಲ್ಲಿ ಬೇಸ್‌ಬಾಲಿನ ಜಾಗದಲ್ಲಿ ಕ್ರಿಕೆಟ್ ಇತ್ತು. ವಿಲ್ಸ್ ಕಂಪನಿ 1896ರಲ್ಲಿ ಹೊರಡಿಸಿದ 50 ಕ್ರಿಕೆಟಿಗರ ಸರಣಿಯಲ್ಲಿ ನಮ್ಮ ರಣಜಿತ್‌ಸಿಂಹಜಿ ಇದ್ದಾರೆ. ದುಲೀಪ್‌ಸಿಂಹಜಿ, ಪಟೌಡಿ ನವಾಬರು 1930ರ ದಶಕದ ಕಾರ್ಡುಗಳಲ್ಲಿ ಸಿಗುತ್ತಾರೆ, ಇಂಗ್ಲೆಂಡಿನ ಆಟಗಾರರ ಸಾಲಿನಲ್ಲಿ. ಮೊದಲ ಮಹಾಯುದ್ಧದಲ್ಲಿ ಕಾಗದದ ಅಭಾವದಿಂದ 1917ರಲ್ಲಿ ನಿಂತ ಬ್ರಿಟಿಷ್ ಕಾರ್ಡುಗಳು 1922ರಲ್ಲಿ ಮತ್ತೆ ಶುರುವಾಗಿ, ಎರಡನೇ ಯುದ್ಧದ ಹೊತ್ತಿಗೆ 1940ರಲ್ಲಿ ಮುಗಿದವು. ಈ ಇಸವಿಗಳನ್ನು ನೆನಪಿಡಿ. "ಇದು ಬ್ರಿಟನ್ನಿನ ಪ್ಲೇಯರ್ಸ್ ಕಂಪನಿಯ 1919ರ ಕಾರ್ಡು" ಎಂದು ಯಾರಾದರೂ ಹೇಳಿದರೆ ಹುಬ್ಬೇರಿಸಲು ಇಷ್ಟು ಸಾಕು.

ಭಾರತಕ್ಕೆಂದೇ ಬಂದ ಕಾರ್ಡುಗಳೂ ಇವೆ. ವಿಲ್ಸ್‌ನ ಸಿಸರ್ಸ್ ಸಿಗರೇಟು ದಂಡಿನ ಸೈನಿಕರ ಬ್ರಾಂಡು. ಅದರ ಜತೆ ಭಾರತೀಯ ರೆಜಿಮೆಂಟುಗಳ ಸರಣಿಯೂ ಬಂದಿತ್ತು. ಬಿಹಾರದ ಮುಂಗೇರಿನಲ್ಲಿ ಕಾರ್ಖಾನೆ ಹೂಡಿದ ಪೆನಿನ್ಸುಲರ್ ಟೊಬ್ಯಾಕೊ ಕಂಪನಿ 1909ರಲ್ಲಿ ಹಿಂದೂ ದೇವತೆಗಳ ಸರಣಿ ಹೊರಡಿಸಿತು. ಸಿಕಂದರಾಬಾದ್, ತಿರುಮಲಗಿರಿ, ಬೊಲಾರಂನಂಥ ದಂಡಿನ ನೆಲೆಗಳ ಮಗ್ಗುಲಲ್ಲಿರುವ ಊರಲ್ಲಿ ಇಂಥವು ಆಗಾಗ ತಲೆಯೆತ್ತುವುದರಲ್ಲಿ ಆಶ್ಚರ್ಯವಿಲ್ಲ.

ಬೆಲೆ ನಿಂತಿರುವುದು ಯಾವುದರ ಮೇಲೆ

"ಹಳೆಯದು, ಹಾಗಾಗಿ ದುಬಾರಿ" ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. 1930ರ ದಶಕದ ಸರಣಿಗಳನ್ನು ಕೋಟಿಗಟ್ಟಲೆ ಅಚ್ಚು ಹಾಕಿದ್ದರು, ಉಳಿದವೂ ಲಕ್ಷಗಟ್ಟಲೆ. ಸಾಮಾನ್ಯ ಬಿಡಿ ಕಾರ್ಡಿಗೆ ಬ್ರಿಟನ್ನಿನಲ್ಲಿ ಇವತ್ತಿಗೂ ಒಂದೆರಡು ಪೌಂಡಿನ ಆಚೀಚೆ ಬೆಲೆ. ವಿರಳವಾಗಿರುವುದು ಕಾರ್ಡಲ್ಲ, ಯಾರೂ ಏನೂ ಮಾಡದೆ ಬಿಟ್ಟ ಕಾರ್ಡು. ಹುಡುಗರು ಇವನ್ನು ಜೇಬಲ್ಲಿಟ್ಟರು, ಗೋಡೆಗೆ ಎಸೆದು ಆಡಿದರು, ಅಂಟು ಹಚ್ಚಿ ಆಲ್ಬಮ್ಮಿಗೆ ಮೆತ್ತಿದರು. ಹಾಗಾಗಿ ದರ್ಜೆ ಎಂದರೆ, ಕಾರ್ಖಾನೆಯಿಂದ ಹೊರಬಿದ್ದ ಸ್ಥಿತಿಯಿಂದ ಈ ಕಾರ್ಡು ಎಷ್ಟು ದೂರ ಬಂದಿದೆ ಎಂಬುದರ ಅಳತೆ.

ಇದು ಮನಸ್ಸಿಗೆ ಹತ್ತಿದರೆ ಮುಂದಿನದೆಲ್ಲ ತಾನೇ ಸ್ಪಷ್ಟವಾಗುತ್ತದೆ. ತೊಳೆಯುವುದು, ಅಂಚು ಸರಿಪಡಿಸುವುದು, ಮಡಿಕೆ ಇಸ್ತ್ರಿ ಮಾಡುವುದು ಇವೆಲ್ಲ ಕಾರ್ಡನ್ನು ಆ ಮೂಲ ಸ್ಥಿತಿಯಿಂದ ಇನ್ನೂ ದೂರ ಒಯ್ಯುತ್ತವೆ. ಕಣ್ಣಿಗೆ ಚೆಂದ ಕಾಣಬಹುದು, ದರ್ಜೆ ಇಳಿಯುತ್ತದೆ.

ವ್ಯಾಗ್ನರ್ ಕಾರ್ಡಿನ ಕಥೆಯೇ ಇದಕ್ಕೆ ಸಾಕ್ಷಿ. ಪಿಎಸ್‌ಎ ಎಂಬ ಅಮೆರಿಕದ ದರ್ಜೆ ಸಂಸ್ಥೆ 1991ರಲ್ಲಿ ಶುರುವಾದಾಗ ದರ್ಜೆ ಕೊಟ್ಟ ಮೊಟ್ಟಮೊದಲ ಕಾರ್ಡು ಅದು. 10ಕ್ಕೆ 8 ಅಂಕ. 2007ರಲ್ಲಿ 28 ಲಕ್ಷ ಡಾಲರಿಗೆ ಕೈ ಬದಲಾಯಿತು. 2013ರಲ್ಲಿ ಬಿಲ್ ಮಾಸ್ಟ್ರೊ ಎಂಬ ಹರಾಜುದಾರ, ಅದರ ಅಂಚನ್ನು ತಾನೇ ಕತ್ತರಿಸಿದ್ದಾಗಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ. ಅಷ್ಟು ಹೊತ್ತಿಗೆ ಕಾರ್ಡು ಎಷ್ಟು ಹೆಸರುವಾಸಿಯಾಗಿತ್ತೆಂದರೆ ಈ ಕಳಂಕವೂ ಅದಕ್ಕೆ ತಾಗಲಿಲ್ಲ. ನಿಮ್ಮ ನಮ್ಮ ಕಾರ್ಡಿಗೆ ಆ ವಿನಾಯಿತಿ ಸಿಗುವುದಿಲ್ಲ. ಕತ್ತರಿ ಬಿದ್ದದ್ದು ಗೊತ್ತಾದರೆ ದರ್ಜೆ ಸಂಸ್ಥೆಗಳು ಅಂಕವನ್ನೇ ಕೊಡುವುದಿಲ್ಲ. ಹೆಚ್ಚೆಂದರೆ "ಅಸಲಿ" ಎಂಬ ಚೀಟಿಯಷ್ಟೇ.

ಅಸಲಿಯೇ, ಮರುಮುದ್ರಣವೇ?

ದರ್ಜೆಗೆ ಮೊದಲು ಇದು ತೀರ್ಮಾನವಾಗಬೇಕು. ಬೇಡಿಕೆಯಿರುವ ಹಳೆ ಸರಣಿಗಳನ್ನು ಬ್ರಿಟನ್, ಅಮೆರಿಕಗಳಲ್ಲಿ ಹಲವು ಸಲ ಮರುಮುದ್ರಿಸಿದ್ದಾರೆ. ಅವೇನೂ ಕಳ್ಳ ಮಾಲಲ್ಲ, ಹಿಂಬದಿಯಲ್ಲಿ ಮರುಮುದ್ರಣ ಎಂದು ಹಾಕಿಯೇ ಮಾರುತ್ತಾರೆ. ಆ ಸಾಲನ್ನು ಕೆರೆದೋ ಕತ್ತರಿಸಿಯೋ ಹಳೆಯದೆಂದು ಮಾರುವವರಿಂದ ತೊಂದರೆ.

1. ಅಳತೆ ತೆಗೆಯಿರಿ. ಬ್ರಿಟಿಷ್ ಮಾದರಿಯ ಸಾಮಾನ್ಯ ಕಾರ್ಡು ಸುಮಾರು 68 ಮಿ.ಮೀ. ಉದ್ದ, 36 ಮಿ.ಮೀ. ಅಗಲ. ಟಿ206 ಸುಮಾರು 67ಕ್ಕೆ 36.5. ಅರ್ಧ ಮಿಲಿಮೀಟರಿನ ಹೆಚ್ಚುಕಮ್ಮಿ ಕಾರ್ಖಾನೆಯಲ್ಲೇ ಆಗುತ್ತಿತ್ತು. ಅದಕ್ಕಿಂತ ಚಿಕ್ಕದಾಗಿದ್ದರೆ ಅನುಮಾನಿಸಿ. ಅದೇ ಸರಣಿಯ ಇನ್ನೊಂದು ಕಾರ್ಡಿದ್ದರೆ ಮೇಲೆ ಇಟ್ಟು ಹೋಲಿಸುವುದು ಸ್ಕೇಲಿಗಿಂತ ಖಚಿತ.

2. ಅಂಚು ನೋಡಿ. ನೂರು ವರ್ಷದ ಕಾಗದದ ಅಂಚು ಮೈಯಷ್ಟೇ ಮಾಸಿರಬೇಕು. ಮೈ ಚಹಾ ಬಣ್ಣ, ಅಂಚು ಮಾತ್ರ ಬೆಳ್ಳಗೆ ಎಂದಿದ್ದರೆ ಬ್ಲೇಡು ಇತ್ತೀಚೆಗೆ ಓಡಾಡಿದೆ. ನಾಲ್ಕರಲ್ಲಿ ಒಂದೇ ಅಂಚು ಚೂಪಾಗಿದ್ದರೂ ಅದೇ ಗುಮಾನಿ.

3. ಭೂತಗನ್ನಡಿ ಹಿಡಿಯಿರಿ. ಗಡಿಯಾರ ರಿಪೇರಿಯವರೂ ಅಕ್ಕಸಾಲಿಗರೂ ಬಳಸುವ 10 ಪಟ್ಟಿನ ಲೂಪ್ ಸಾಕು. ಹಳೆಯ ಕಲ್ಲಚ್ಚಿನ ಕಾರ್ಡಿನಲ್ಲಿ ಒಂದೊಂದು ಬಣ್ಣವನ್ನೂ ಬೇರೆ ಬೇರೆ ಹಚ್ಚುತ್ತಿದ್ದರು. ಹಾಗಾಗಿ ಚುಕ್ಕೆಗಳು ಅಡ್ಡಾದಿಡ್ಡಿಯಾಗಿ, ಕೈಯಿಂದ ಇಟ್ಟಂತೆ ಕಾಣುತ್ತವೆ. ಅಕ್ಷರಗಳು ಒಂದೇ ಶಾಯಿಯ ಗಟ್ಟಿ ಗೆರೆ. ಈಗಿನ ಆಫ್‌ಸೆಟ್ ಅಚ್ಚಿನಲ್ಲಿ ನಾಲ್ಕು ಬಣ್ಣದ ಚುಕ್ಕೆಗಳು ಸಣ್ಣ ಹೂವಿನಂತೆ ಗುಂಪುಗೂಡುತ್ತವೆ, ಫೋಟೊ ತೆಗೆದು ಮರುಮುದ್ರಿಸಿದ್ದರೆ ಅಕ್ಷರಗಳೂ ಚುಕ್ಕೆಯಾಗಿ ಒಡೆದಿರುತ್ತವೆ. ಚಿತ್ರ ಬಿಟ್ಟು ಹೆಸರಿನ ಅಕ್ಷರಗಳನ್ನೇ ಮೊದಲು ನೋಡಿ, ಗುಟ್ಟು ಅಲ್ಲೇ ಬೇಗ ರಟ್ಟಾಗುತ್ತದೆ. ಎಚ್ಚರ: 1920-30ರ ದಶಕದ ಹಲವು ಅಸಲಿ ಕಾರ್ಡುಗಳ ಚಿತ್ರಭಾಗದಲ್ಲೂ ಚುಕ್ಕೆಜಾಲ ಇರುತ್ತದೆ. ಚಿತ್ರದಲ್ಲಿ ಚುಕ್ಕೆ ಕಂಡ ಮಾತ್ರಕ್ಕೆ ನಕಲಿ ಎನ್ನಬೇಡಿ.

4. ನೋಟು ಪರೀಕ್ಷಿಸುವ ನೇರಳೆ ದೀಪದ ಕೆಳಗಿಡಿ. ಕಾಗದ ಬೆಳ್ಳಗೆ ಕಾಣಲೆಂದು ಹೊಳಪಿನ ರಾಸಾಯನಿಕ ಬೆರೆಸುವ ಪದ್ಧತಿ ಬಂದದ್ದು ಎರಡನೇ ಮಹಾಯುದ್ಧದ ನಂತರ. ಕತ್ತಲ ಕೋಣೆಯಲ್ಲಿ ಕಾರ್ಡು ನೀಲಿ-ಬಿಳಿ ಬೆಳಗಿದರೆ ಅದು 1909ರದ್ದಾಗಿರಲು ಸಾಧ್ಯವಿಲ್ಲ. ಬೆಳಗದಿದ್ದರೆ ಹಳೆಯದು ಎಂದು ಮಾತ್ರ ಸಾಬೀತಾಗುವುದಿಲ್ಲ, ಹೊಳಪಿಲ್ಲದ ಹೊಸ ಕಾಗದವೂ ಇದೆ. ಮೂಲೆಗಳಿಗೆ ಬಣ್ಣ ಬಳಿದಿದ್ದರೆ ಅದೂ ಈ ಬೆಳಕಿನಲ್ಲಿ ಬೇರೆಯಾಗಿ ಕಾಣುತ್ತದೆ. ದೀಪವನ್ನು ಕಣ್ಣಿಗೆ ನೇರ ಹಿಡಿಯಬೇಡಿ.

5. ಹಿಂಬದಿ ಓದಿ. ಅಮೆರಿಕನ್ ಟೊಬ್ಯಾಕೊ ಕಂಪನಿಯ ಪೈಪೋಟಿ ಎದುರಿಸಲು ಬ್ರಿಟನ್ನಿನ ತಂಬಾಕು ಕಂಪನಿಗಳು ಒಂದಾಗಿ ಇಂಪೀರಿಯಲ್ ಟೊಬ್ಯಾಕೊ ಆದದ್ದು 1901ರ ಕೊನೆಯಲ್ಲಿ. ವಿಲ್ಸ್ ಅಥವಾ ಪ್ಲೇಯರ್ಸ್ ಕಾರ್ಡಿನ ಹಿಂದೆ ಇಂಪೀರಿಯಲ್‌ನ ಶಾಖೆ ಎಂಬ ಸಾಲಿದ್ದರೆ ಅದು 1896ರ ಕಾರ್ಡು ಖಂಡಿತ ಅಲ್ಲ. ಹಿಂಬದಿಯ ತಳದಲ್ಲಿ ಕೆರೆದ ಗುರುತು, ಒರಟು ಪಟ್ಟಿ ಇದ್ದರೆ ಅಲ್ಲೇನೋ ಅಳಿಸಿದ್ದಾರೆ ಎಂದರ್ಥ.

ಈ ಐದರಲ್ಲಿ ಯಾವ ಒಂದೂ ಕೊನೆಯ ಮಾತಲ್ಲ. ಎರಡು ಮೂರು ಒಂದೇ ಕಡೆ ಬೊಟ್ಟು ಮಾಡಿದರೆ ನಂಬಿ.

ಮನೆಯಲ್ಲೇ ದರ್ಜೆ ಕಟ್ಟುವ ಕ್ರಮ

ದರ್ಜೆಯ ಗುಟ್ಟು ಇಷ್ಟು: ಅತಿ ಕೆಟ್ಟ ದೋಷ ಯಾವುದೋ ಅದು ಎಳೆದಲ್ಲಿಗೆ ದರ್ಜೆ ಬೀಳುತ್ತದೆ. ಶಾಲೆಯ ಅಂಕಪಟ್ಟಿಯಂತೆ ಕೂಡಿ ಸರಾಸರಿ ತೆಗೆಯುವುದಿಲ್ಲ. ಮೂರು ಮೂಲೆ ಮುಳ್ಳಿನಷ್ಟು ಚೂಪಾಗಿದ್ದು ಮಧ್ಯದಲ್ಲೊಂದು ಮಡಿಕೆಯಿದ್ದರೆ, ಅದು ಮಡಿಕೆಯ ಕಾರ್ಡು.

ಕೈ ತೊಳೆದು ಚೆನ್ನಾಗಿ ಒಣಗಿಸಿ. ಎಣ್ಣೆ, ಕ್ರೀಮು ಹಚ್ಚಿದ ದಿನ ಮುಟ್ಟದಿರುವುದೇ ಲೇಸು. ಕಿಟಕಿಯ ಹಗಲು ಬೆಳಕಿನಲ್ಲಿ, ಆದರೆ ನೇರ ಬಿಸಿಲು ಬೀಳದಂತೆ ಬಿಳಿ ಹಾಳೆ ಹಾಸಿ ಕಾರ್ಡಿಡಿ. ಫ್ಯಾನು ಆರಿಸಿ.

1. ಮೂಲೆಗಳು. ನಾಲ್ಕನ್ನೂ ಲೂಪಿನಲ್ಲಿ ನೋಡಿ. ತುದಿ ಚೂಪೇ, ನಾರು ಬಿಟ್ಟಿದೆಯೇ, ದುಂಡಗಾಗಿದೆಯೇ, ಪದರ ಬಿಚ್ಚಿದೆಯೇ? ಅತಿ ಕೆಟ್ಟ ಮೂಲೆಯನ್ನು ಬರೆದುಕೊಳ್ಳಿ.

2. ಅಂಚುಗಳು. ಬಣ್ಣ ಉದುರಿ ಬಿಳಿ ಕಾಣುವ ಜಾಗ, ಸೀಳು, ಹುಳು ತಿಂದ ಕಚ್ಚು.

3. ಚಿತ್ರದ ಕೇಂದ್ರ. ಎಡದ ಬಿಳಿ ಅಂಚು 3 ಮಿ.ಮೀ., ಬಲದ್ದು 2 ಎಂದಿಟ್ಟುಕೊಳ್ಳಿ. ಒಟ್ಟು 5ರಲ್ಲಿ 3 ಎಂದರೆ 60, 2 ಎಂದರೆ 40. ಇದನ್ನು 60/40 ಎನ್ನುತ್ತಾರೆ. ಮೇಲೆ ಕೆಳಗೂ ಹೀಗೇ ಅಳೆಯಿರಿ. 70/30 ದಾಟಿದರೆ ಬರಿಗಣ್ಣಿಗೇ ಓರೆಯಾಗಿ ಕಾಣುತ್ತದೆ. ಇದು ಯಾರ ಬಳಕೆಯಿಂದಲೂ ಆದ ದೋಷವಲ್ಲ, ಕಾರ್ಖಾನೆಯದೇ. ಆದರೂ ಅಮೆರಿಕದ ಸಂಸ್ಥೆಗಳು ಅಂಕ ಕಳೆಯುತ್ತವೆ. ಬ್ರಿಟಿಷ್ ಸಂಗ್ರಾಹಕರು ಇದಕ್ಕೆ ಅಷ್ಟೇನೂ ತಲೆಕೆಡಿಸಿಕೊಳ್ಳುವುದಿಲ್ಲ, ನನಗೂ ಅವರ ದಾರಿಯೇ ಸರಿ ಅನಿಸುತ್ತದೆ.

4. ಮೈ. ಕೋಣೆಯ ದೀಪ ಆರಿಸಿ, ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಬೆಳಕು ಹಾಯಿಸಿ. ಮೇಲಿನಿಂದ ಕಾಣದ ಕೂದಲೆಳೆಯ ಮಡಿಕೆಗಳು ನೆರಳಾಗಿ ಎದ್ದು ಕಾಣುತ್ತವೆ. ಮಡಿಕೆ ಕಾರ್ಡಿನ ಇನ್ನೊಂದು ಬದಿಗೂ ಮೂಡಿದೆಯೇ ಎಂದು ತಿರುಗಿಸಿ ನೋಡಿ. ಎರಡೂ ಬದಿಗೆ ದಾಟಿದ್ದರೆ ಕಾಗದದ ನಾರೇ ಮುರಿದಿದೆ, ದರ್ಜೆ ಬಹಳ ಕೆಳಗಿಳಿಯುತ್ತದೆ.

5. ಹಿಂಬದಿ. ಹೆಚ್ಚು ಜನ ಎಡವುವುದು ಇಲ್ಲಿ. ಮುಂಭಾಗ ಕನ್ನಡಿಯಂತಿದ್ದು ಹಿಂದೆ ಆಲ್ಬಮ್ಮಿನ ಕಪ್ಪು ಕಾಗದ ಅಂಟಿಕೊಂಡಿದ್ದರೆ, ಅಥವಾ ಅದನ್ನು ಕೀಳುವಾಗ ಅಕ್ಷರಗಳೇ ಕಿತ್ತು ಹೋಗಿದ್ದರೆ, ಅದು ಕೆಳ ದರ್ಜೆಯದೇ. ಹೆಸರು, ಲೆಕ್ಕ, ಮಸಿ ಮೊಹರು ಇದ್ದರೆ ಅದೂ ದೋಷ.

ಇಷ್ಟು ಬರೆದುಕೊಂಡ ಮೇಲೆ ಹೆಸರಿಡಿ. ನಿಮ್ಮ ಪುಸ್ತಕಕ್ಕೆ ನಾಲ್ಕು ಮೆಟ್ಟಿಲು ಸಾಕು. ಮೂಲೆ ಚೂಪು, ಮಡಿಕೆಯಿಲ್ಲ, ಹಿಂಬದಿ ಸ್ವಚ್ಛ: ಮೇಲ್ದರ್ಜೆ. ಮೂಲೆ ತುಸು ಮೆತ್ತಗಾಗಿ, ಲಘುವಾಗಿ ಮಾಸಿದ್ದು: ಒಳ್ಳೆಯದು. ಮೂಲೆ ದುಂಡು, ಸಣ್ಣ ಮಡಿಕೆ: ಸಾಧಾರಣ. ಸೀಳು, ಕಾಗದ ಕಿತ್ತದ್ದು, ಅಂಟು, ತೂತು: ಕಳಪೆ. ಎರಡು ಮೆಟ್ಟಿಲುಗಳ ನಡುವೆ ಮನಸ್ಸು ತೂಗುತ್ತಿದ್ದರೆ ಕೆಳಗಿನದನ್ನೇ ಬರೆಯಿರಿ; ಕೊಳ್ಳುವವನೂ ಅದನ್ನೇ ಹೇಳುತ್ತಾನೆ.

ಅಮೆರಿಕದ 1ರಿಂದ 10ರ ಮಾಪಕಕ್ಕೂ ಬ್ರಿಟಿಷ್ ಮಾತಿಗೂ ಒಂದು ದೊಡ್ಡ ಗೊಂದಲವಿದೆ, ದುಡ್ಡು ಕೊಡುವ ಮುನ್ನ ತಿಳಿದಿರಬೇಕು. ಬ್ರಿಟಿಷ್ ವ್ಯಾಪಾರಿ "ವೆರಿ ಗುಡ್" ಎಂದರೆ ನಿಜವಾಗಿಯೂ ಚೆನ್ನಾಗಿದೆ ಎಂದೇ. ಪಿಎಸ್‌ಎ ಮಾಪಕದಲ್ಲಿ ಅದೇ "ವೆರಿ ಗುಡ್" ಎಂದರೆ 10ಕ್ಕೆ 3, ಬರೀ "ಗುಡ್" ಎಂದರೆ 2. ಮಾರುವವ ಯಾವ ಮಾಪಕದಲ್ಲಿ ಮಾತಾಡುತ್ತಿದ್ದಾನೆ ಎಂದು ಕೇಳದೆ ಬೆಲೆ ಕಟ್ಟಬೇಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಲ್ಯಾಮಿನೇಷನ್. ನಮ್ಮಲ್ಲಿ ಬೆಲೆಯುಳ್ಳ ಯಾವ ಕಾಗದ ಕಂಡರೂ ಜೆರಾಕ್ಸ್ ಅಂಗಡಿಗೆ ಓಡುವ ಅಭ್ಯಾಸ. ಬಿಸಿ ಮತ್ತು ಅಂಟು ಎರಡೂ ಸೇರಿ ಕಾರ್ಡನ್ನು ಪ್ಲಾಸ್ಟಿಕ್ಕಿಗೆ ಶಾಶ್ವತವಾಗಿ ಬೆಸೆಯುತ್ತವೆ. ಅಲ್ಲಿಗೆ ಕಾರ್ಡಿನ ಆಯುಷ್ಯ ಮುಗಿದಂತೆ, ಬಿಡಿಸುವ ದಾರಿಯಿಲ್ಲ.

ರಬ್ಬರು, ಒದ್ದೆ ಹತ್ತಿ, ಬ್ರೆಡ್ಡಿನ ತುಂಡು ಹಿಡಿದು ಕೊಳೆ ಒರೆಸುವುದು. ಕೊಳೆಯ ಜತೆ ಶಾಯಿಯೂ, ಕಾಗದದ ಮೇಲಿನ ತೆಳು ಹೊಳಪೂ ಹೋಗುತ್ತವೆ. ಮೆತ್ತನೆ ಒಣ ಬ್ರಷ್ಷಿನಿಂದ ಧೂಳು ಸರಿಸುವುದಷ್ಟೇ ನಿಮ್ಮ ಪಾಲಿನ ಕೆಲಸ.

ಆಲ್ಬಮ್ಮಿನಿಂದ ಕೀಳುವುದು. 1930ರ ದಶಕದ ಮಧ್ಯದಿಂದ ಪ್ಲೇಯರ್ಸ್, ವಿಲ್ಸ್ ಕಂಪನಿಗಳ ಹಲವು ಸರಣಿಗಳ ಹಿಂಬದಿಗೆ ಅಂಚೆಚೀಟಿಯಂತೆ ಗೋಂದು ಬಳಿದಿರುತ್ತಿತ್ತು. ಒಂದು ಪೆನ್ನಿ ಬೆಲೆಗೆ ಆಲ್ಬಮ್ ಮಾರಿ, ಅದರಲ್ಲಿ ಅಂಟಿಸಿಕೊಳ್ಳಿ ಎನ್ನುತ್ತಿದ್ದರು. ಅಂಥ ಆಲ್ಬಮ್ ಪೂರ್ತಿಯಾಗಿ ಸಿಕ್ಕರೆ ಹಾಗೆಯೇ ಇಡಿ. ಅದೇ ಅದರ ಸಹಜ ರೂಪ. ಹಬೆ ಹಿಡಿದು, ನೀರಲ್ಲಿ ನೆನೆಸಿ ಬಿಡಿಸಿದ ಕಾರ್ಡುಗಳು ಒಣಗುವಾಗ ಸೊಟ್ಟಗಾಗುತ್ತವೆ, ಕಲೆಯ ಗೆರೆ ಉಳಿಯುತ್ತದೆ.

ಗೋಂದಿನ ಬಿಡಿ ಕಾರ್ಡುಗಳಿಗೆ ಇನ್ನೊಂದು ಅಪಾಯವಿದೆ. ಮಳೆಗಾಲದ ತೇವಕ್ಕೆ ಅವು ಒಂದಕ್ಕೊಂದು ಅಂಟಿ ಇಟ್ಟಿಗೆಯಾಗುತ್ತವೆ. ಹಾಗಾಗಿದ್ದರೆ ಚಾಕು ತೂರಿಸಬೇಡಿ. ಕಾಗದದ ಸಂರಕ್ಷಣೆ ಬಲ್ಲವರಿಗೆ ತೋರಿಸಿ. ಬೆಂಗಳೂರಿನಲ್ಲಿ ಇಂಟ್ಯಾಕ್ ಎಂಬ ಪರಂಪರೆ ಸಂರಕ್ಷಣಾ ಸಂಸ್ಥೆಯ ಕೇಂದ್ರ ಇಂಥ ಕೆಲಸ ಮಾಡುತ್ತದೆ. ಕಾರ್ಡುಗಳು ಸಾಮಾನ್ಯ ಸರಣಿಯವಾದರೆ ಆ ಖರ್ಚು ಲಾಭದಾಯಕವಲ್ಲ, ಮನೆಯ ನೆನಪಿನ ವಸ್ತುವಾದರೆ ಮಾತು ಬೇರೆ.

ಸೆಲ್ಲೊಟೇಪು, ಸ್ಟೇಪ್ಲರ್ ಪಿನ್ನು, ರಬ್ಬರ್ ಬ್ಯಾಂಡಿನ ಬಗ್ಗೆ ಬೇರೆ ಹೇಳಬೇಕಿಲ್ಲ.

ಹೈದರಾಬಾದಿನ ಹವೆಗೆ ಹೊಂದುವ ಕಾಪು

ಈ ಊರಿನ ತೊಂದರೆ ಬರೀ ತೇವವಲ್ಲ, ಏರಿಳಿತ. ಏಪ್ರಿಲ್-ಮೇ ತಿಂಗಳಲ್ಲಿ ಗಾಳಿ ಒಣಗಿ ಬಿಸಿಲು 40 ಡಿಗ್ರಿ ದಾಟುತ್ತದೆ. ಜುಲೈ ಬಂತೆಂದರೆ ಬೀರುವಿನ ಬಟ್ಟೆಗೂ ಮುಗ್ಗಲು ವಾಸನೆ. ಕಾರ್ಡಿನ ಮುಂಭಾಗಕ್ಕೆ ಶಾಯಿಯ ಪದರವಿದೆ, ಹಿಂಭಾಗ ಬರೀ ಕಾಗದ. ತೇವ ಹೀರಿದಾಗ ಹಿಂಭಾಗ ಹೆಚ್ಚು ಹಿಗ್ಗುತ್ತದೆ, ಒಣಗಿದಾಗ ಹೆಚ್ಚು ಕುಗ್ಗುತ್ತದೆ. ಕಾರ್ಡು ಬಿಲ್ಲಾಗುವುದು ಹಾಗೆ. ಪ್ರತಿ ವರ್ಷ ಹೀಗೆ ಎಳೆದಾಡಿದರೆ ಮೇಲಿನ ಪದರ ಬಿರಿಯುತ್ತದೆ. ಹಾಗಾಗಿ ಗುರಿ ಒಂದೇ: ಕಾರ್ಡಿನ ಸುತ್ತಲ ಗಾಳಿ ಆದಷ್ಟು ಬದಲಾಗದಿರಲಿ.

ಒಂದೊಂದು ಕಾರ್ಡಿಗೂ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಕವರು ಹಾಕಿ. ಬೇಗಂ ಬಜಾರಿನ ಸಗಟು ಅಂಗಡಿಗಳಲ್ಲಿ "ಪಿಪಿ ಕವರ್" ಎಂದು ಕೇಳಿ. ಹೊಸ ರೈನ್‌ಕೋಟಿನ ವಾಸನೆ ಬರುವ ಮೆತ್ತನೆ ಪಿವಿಸಿ ಕವರು ಬೇಡ. ಅದರಿಂದ ಎಣ್ಣೆಯಂಥ ಪಸೆಯೂ ಆಮ್ಲವೂ ಹೊರಬಿದ್ದು ಶಾಯಿ ಅಂಟುತ್ತದೆ. ಹಳೆಯ ಫೋಟೊ ಆಲ್ಬಮ್ಮುಗಳ ಅಂಟುಪುಟವೂ ಬೇಡ. ಕವರು ಹಾಕಿದ ಕಾರ್ಡುಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ ಪೊಟ್ಟಣವನ್ನು ಕಾರ್ಡಿಗೆ ತಾಗದಂತೆ ಇಡಿ. ಬಣ್ಣ ಬದಲಾಗುವ ಜೆಲ್ ತನ್ನಿ, ಬಣ್ಣ ತಿರುಗಿದಾಗ ಒಣಗಿಸಿ ಮತ್ತೆ ಬಳಸಬಹುದು. ಡಬ್ಬಿ ಇರುವ ಬೀರು ಮಳೆ ಹೊಡೆಯುವ ಹೊರಗೋಡೆಗೆ ಒರಗಿರಬಾರದು. ಅಟ್ಟವಂತೂ ಬೇಡವೇ ಬೇಡ.

ನುಸಿಗುಳಿಗೆಯನ್ನು ಡಬ್ಬಿಯೊಳಗೆ ಹಾಕಬೇಡಿ, ಅದರ ಆವಿ ಕಾಗದ, ಪ್ಲಾಸ್ಟಿಕ್ಕಿನ ಮೇಲೆ ಕೂರುತ್ತದೆ. ಹುಳುಗಳು ಬರುವುದು ಗೋಂದಿನ ಆಸೆಗೆ. ಮೂರು ತಿಂಗಳಿಗೊಮ್ಮೆ ಡಬ್ಬಿ ತೆರೆದು ನೋಡುವುದಕ್ಕಿಂತ ಒಳ್ಳೆ ಕೀಟನಾಶಕವಿಲ್ಲ.

ಕಾರ್ಡಿಲ್ಲ, ಚಾರ್‌ಮಿನಾರ್ ಪೊಟ್ಟಣವಿದೆ ಎನ್ನುವವರಿಗೆ

ಹೈದರಾಬಾದಿನ ಸ್ವಂತ ತಂಬಾಕು ಕಥೆಯೆಂದರೆ ವಜೀರ್ ಸುಲ್ತಾನ್ ಟೊಬ್ಯಾಕೊ ಕಂಪನಿ ಮತ್ತು ಅದರ ಚಾರ್‌ಮಿನಾರ್ ಸಿಗರೇಟು. 1930ರಲ್ಲಿ ನೋಂದಣಿಯಾದ ಕಂಪನಿ 1983ರಲ್ಲಿ ವಿಎಸ್‌ಟಿ ಇಂಡಸ್ಟ್ರೀಸ್ ಎಂದು ಹೆಸರು ಬದಲಿಸಿಕೊಂಡಿತು. ಅಬಿಡ್ಸ್‌ನಲ್ಲಾಗಲಿ, ಗುರುವಾರದ ಜುಮೇರಾತ್ ಬಜಾರಿನಲ್ಲಾಗಲಿ ವಿಲಾಯತಿ ಕಾರ್ಡಿಗಿಂತ ಹಳೆ ಪೊಟ್ಟಣ, ಬೆಂಕಿಪೊಟ್ಟಣದ ಚೀಟಿಗಳೇ ಸಿಗುವ ಸಂಭವ ಹೆಚ್ಚು. ಬೆಲೆ ಕಡಿಮೆ, ನಕಲಿ ಮಾಡುವವರು ಇಲ್ಲವೆನ್ನುವಷ್ಟು ವಿರಳ, ಈ ಊರಿನದೇ ವಸ್ತು. ಹೊಸಬರಿಗೆ ನಾನು ಹೇಳುವುದು ಇಲ್ಲಿಂದಲೇ ಶುರು ಮಾಡಿ ಎಂದು.

ಪೊಟ್ಟಣದ ಕಾಲ ಕಂಡುಹಿಡಿಯುವುದು ಕಾರ್ಡಿಗಿಂತ ಸುಲಭ, ಸರ್ಕಾರವೇ ಗುರುತು ಹಾಕಿ ಕೊಟ್ಟಿದೆ. ಬೆಲೆ ಆಣೆಯಲ್ಲಿದ್ದರೆ 1957ಕ್ಕೆ ಮೊದಲು, ನಯಾ ಪೈಸೆಯಲ್ಲಿದ್ದರೆ 1957ರಿಂದ 1964ರ ನಡುವೆ. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ನಂತರ. ಆರೋಗ್ಯಕ್ಕೆ ಹಾನಿಕರ ಎಂಬ ಎಚ್ಚರಿಕೆ 1975ರ ಕಾನೂನಿನಿಂದ ಬಂದದ್ದು. ಅದಿಲ್ಲದ ಪೊಟ್ಟಣ ಅದಕ್ಕೂ ಹಿಂದಿನದು. ವಜೀರ್ ಸುಲ್ತಾನ್ ಎಂಬ ಹಳೆ ಹೆಸರು ಇದ್ದು ಎಚ್ಚರಿಕೆಯೂ ಇದ್ದರೆ, 1983ರವರೆಗಿನ ಆ ಕೆಲವೇ ವರ್ಷಗಳದ್ದು. ಚಿತ್ರದ ಎಚ್ಚರಿಕೆ ಶುರುವಾದದ್ದು 2009ರಲ್ಲಿ.

ಇವುಗಳ ದರ್ಜೆಗೆ ಒಂದೇ ಪ್ರಶ್ನೆ ಮುಖ್ಯ: ಪೂರ್ತಿ ಇದೆಯೇ? ನಮ್ಮ ಊರುಗಳ ಹುಡುಗರು ಸಿಗರೇಟು ಪ್ಯಾಕು ಹರಿದು ಮುಖದ ಭಾಗ ಮಾತ್ರ ಉಳಿಸಿಕೊಂಡು ಆಡುತ್ತಿದ್ದರಲ್ಲ, ಬ್ರಾಂಡಿಗೊಂದು ಬೆಲೆ ಕಟ್ಟಿ! ಹಾಗಾಗಿ ಬರೀ ಮುಖ ಸಿಗುವುದು ಹೆಚ್ಚು. ಒಳಹಾಳೆ, ಪಕ್ಕದ ಪಟ್ಟಿಗಳ ಸಮೇತ ಉಳಿದದ್ದು ಕಡಿಮೆ. ಒಳಗೆ ತಂಬಾಕಿನ ಪುಡಿಯಿದ್ದರೆ ಉದುರಿಸಿ, ಅದು ತೇವ ಹಿಡಿದು ಕಲೆ ಬಿಡುತ್ತದೆ. ಅಂಟಿದ ಮಡಿಕೆ ಬಿಚ್ಚಿ ಚಪ್ಪಟೆ ಮಾಡಬೇಡಿ.

ವಿದೇಶಕ್ಕೆ ಕಳಿಸುವ ಮುನ್ನ

"ಪಿಎಸ್‌ಎಗೆ ಕಳಿಸಿ ದರ್ಜೆ ಮಾಡಿಸೋಣ" ಎಂಬ ಆಸೆ ಬಂದರೆ ಎರಡು ಲೆಕ್ಕ ಹಾಕಿ. ಮೊದಲನೆಯದು ಹಣದ್ದು. ದರ್ಜೆ ಶುಲ್ಕ, ವಿಮೆ, ಹೋಗಿಬರುವ ಅಂಚೆ, ತಿರುಗಿ ಬರುವಾಗ ಸುಂಕ, ಇವೆಲ್ಲ ಸೇರಿ ಸಾಮಾನ್ಯ ಕಾರ್ಡಿನ ಬೆಲೆಯನ್ನು ಎಷ್ಟೋ ಪಟ್ಟು ಮೀರುತ್ತವೆ.

ಎರಡನೆಯದು ಕಾನೂನು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಕಲೆ, ಚರಿತ್ರೆಯ ದೃಷ್ಟಿಯಿಂದ ಮಹತ್ವವಿರುವ, 100 ವರ್ಷ ದಾಟಿದ ವಸ್ತು ಪ್ರಾಚ್ಯವಸ್ತುವಾಗಬಹುದು. ಅದನ್ನು ಖಾಸಗಿ ವ್ಯಕ್ತಿಗಳು ದೇಶದಿಂದ ಹೊರಗೆ ಕಳಿಸುವಂತಿಲ್ಲ. 1909ರ ದೇವತೆಗಳ ಕಾರ್ಡು ಆ ವಯಸ್ಸು ದಾಟಿದೆ. ಅದು ಪ್ರಾಚ್ಯವಸ್ತು ಹೌದೋ ಅಲ್ಲವೋ ಎಂದು ಹೇಳಬೇಕಾದವರು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರು, ಕೊರಿಯರ್ ಅಂಗಡಿಯವರಲ್ಲ. ಇಲಾಖೆಯ ಹೈದರಾಬಾದ್ ವೃತ್ತದಲ್ಲಿ ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರದ ಬಗ್ಗೆ ವಿಚಾರಿಸದೆ ಲಕೋಟೆ ಮುಚ್ಚಬೇಡಿ. ಊರಿಗೆ ಬಂದ ಮಗನ ಸೂಟ್‌ಕೇಸಿನಲ್ಲಿ ಹಾಕಿ ಕಳಿಸಿದರೂ ಅದು ರಫ್ತೇ.

ಅಲ್ಲಿಂದ ಇಲ್ಲಿಗೆ ದರ್ಜೆ ಕಾರ್ಡು ತರಿಸುವವರು, ಪ್ಲಾಸ್ಟಿಕ್ ಪೆಟ್ಟಿಗೆಯ ಮೇಲಿನ ಪ್ರಮಾಣ ಸಂಖ್ಯೆಯನ್ನು ದರ್ಜೆ ಸಂಸ್ಥೆಯ ದಾಖಲೆಯಲ್ಲಿ ಹುಡುಕಿ, ಅಲ್ಲಿರುವ ವಿವರಕ್ಕೂ ಕೈಯಲ್ಲಿರುವ ಕಾರ್ಡಿಗೂ ತಾಳೆ ನೋಡಿ. ಪೆಟ್ಟಿಗೆಗಳನ್ನೂ ನಕಲಿ ಮಾಡುತ್ತಾರೆ. ದರ್ಜೆಯಿಲ್ಲದ ಕಾರ್ಡನ್ನು ಫೋಟೊ ನೋಡಿ ಕೊಳ್ಳುವುದಾದರೆ ಮೂರು ಚಿತ್ರ ಕೇಳಿ: ಮುಂಭಾಗ, ಹಿಂಭಾಗ, ಸ್ಕೇಲಿನ ಪಕ್ಕದಲ್ಲಿಟ್ಟದ್ದು. ಮೂರನೆಯದನ್ನು ಕಳಿಸಲು ಸಬೂಬು ಹೇಳುವವನಿಂದ ಕೊಳ್ಳಬೇಡಿ.